ಕೂತವರಿಗೆ ತಿಳಿಯದ ಹೊಲಿಗೆ

ಬೆಳಗಿನ ಆರೂಕಾಲು. ಆಲೂರಿನಿಂದ ಸಕಲೇಶಪುರದ ಕಡೆಗೆ ಹೋಗುವ ಹಳೆಯ ರಸ್ತೆ ಬಿಟ್ಟು ಒಂದೂವರೆ ಕಿಲೋಮೀಟರ್ ಒಳಗೆ, ಸಗಣಿ ಸಾರಿಸಿದ ಕಣದಲ್ಲಿ ಗಂಗಾಮಣಿ ಮಂಡಿಯೂರಿ ಕೂತಿದ್ದಾರೆ. ಅವರ ಮುಂದೆ ಒಂದು ಕರಿ ಕಂಬಳಿಯನ್ನು ನೆಲಕ್ಕೆ ಬಿಗಿಯಾಗಿ ಎಳೆದು ಕಟ್ಟಿದೆ. ಸುತ್ತ ನಲವತ್ತನಾಲ್ಕು ಗೂಟ, ಎಲ್ಲವೂ ಕಾಫಿ ಗಿಡ ಸವರಿದಾಗ ಬಿದ್ದ ಕೊಂಬೆಗಳಿಂದ ಕೆತ್ತಿದವು. ಇಬ್ಬನಿಗೆ ಕಂಬಳಿ ನೆನೆದಿದೆ. ಗಂಗಾಮಣಿ ಒಂದು ಗೂಟ ಕೀಳುತ್ತಾರೆ, ನಿನ್ನೆಯ ತೂತಿನಿಂದ ಒಂದು ಬೆರಳು ಆಚೆ ಊರುತ್ತಾರೆ, ಗುಂಡುಕಲ್ಲಿನಿಂದ ಎರಡೇಟು ಹಾಕುತ್ತಾರೆ, ಪಕ್ಕದ ಗೂಟಕ್ಕೆ ಸರಿಯುತ್ತಾರೆ.

ಬಿಸಿಲು ಏರುವ ಮೊದಲು ನಲವತ್ತನಾಲ್ಕೂ ಮುಗಿಯಬೇಕು. ಒಣಗಿದ ಉಣ್ಣೆಯನ್ನು ಎಳೆದರೆ ಹರಿದೇ ಹೋಗುತ್ತದೆ. ಇಷ್ಟು ನಿಧಾನ ಯಾಕೆ, ದಿನಕ್ಕೆ ಎರಡು ಬೆರಳು ಎಳೆದರೆ ಬೇಗ ಆಗುವುದಿಲ್ಲವೇ ಎಂದು ನಾನು ಪಟ್ಟಣದವನ ಬುದ್ಧಿ ತೋರಿಸಿದೆ.

"ಎರಡು ಬೆರಳು ಎಳುದ್ರೆ ಅದು ಮುನಿಸ್ಕತದೆ ಕಣಪ್ಪ," ಅಂದರು ತಲೆ ಎತ್ತದೆ. "ಒಂದು ಬೆರಳಾದ್ರೆ ಅದ್ಕೆ ಗೊತ್ತೇ ಆಗಲ್ಲ."

ಗಂಗಾಮಣಿಗೆ ಅರವತ್ತೊಂದು ವರ್ಷ. ಕಂಬಳಿ ನೇಯುವವರ ಬಗ್ಗೆ ನಾವು ಪತ್ರಿಕೆಯವರು ಆಗಾಗ ಬರೆಯುತ್ತೇವೆ, ಮಗ್ಗದ ಮುಂದೆ ಕೂರಿಸಿ ಫೋಟೊ ತೆಗೆಯುತ್ತೇವೆ. ಹರಿದ ಕಂಬಳಿಯನ್ನು ಸರಿಮಾಡುವವರ ಬಗ್ಗೆ ಯಾರೂ ಬರೆದದ್ದು ನನಗಂತೂ ನೆನಪಿಲ್ಲ. ಇವರ ಕೆಲಸ ಅದೊಂದೇ. ಮೂಟೆ ಹೊಲಿಯುವ ದಬ್ಬಳಕ್ಕಿಂತ ಸ್ವಲ್ಪ ಸಣ್ಣದಾದ ಒಂದು ದಬ್ಬಳ, ಒಂದು ರಾಟೆ, ಹುಣಸೆ ಬೀಜದ ಅಂಟು ಕುದಿಸುವ ಒಂದು ಪಾತ್ರೆ, ಇವಿಷ್ಟೇ ಅವರ ಕಾರ್ಖಾನೆ. ಹದಿನೆಂಟನೇ ವಯಸ್ಸಿಗೆ ಈ ಮನೆಗೆ ಬಂದರು. ಗಂಡ ಸೋಮಯ್ಯ ನೇಯುತ್ತಿದ್ದರು, ಇವರು ನೂಲುತ್ತಿದ್ದರು. ಬಸ್ಸಿನಲ್ಲಿ ಬಣ್ಣಬಣ್ಣದ ಮಿಲ್ ರಗ್ಗುಗಳು ಬರತೊಡಗಿದ ಮೇಲೆ ಹೊಸ ಕಂಬಳಿ ಕೇಳುವವರು ಕಡಿಮೆಯಾದರು. ಹಳೆಯದು ಇದ್ದವರು ಮಾತ್ರ ಬಿಡಲಿಲ್ಲ, ಹರಿದಾಗೆಲ್ಲ ಹೊತ್ತು ತಂದರು. ಹಾಗೆ ಮಗ್ಗ ನಿಂತಿತು, ದಬ್ಬಳ ನಿಲ್ಲಲಿಲ್ಲ. ಸೋಮಯ್ಯ ತೀರಿಕೊಂಡು ಒಂಬತ್ತು ವರ್ಷ. ಮಗ್ಗದ ಗುಂಡಿಯನ್ನು ಮುಚ್ಚಿಸಿ ಅದರ ಮೇಲೆ ಈಗ ಒಲೆಯ ಸೌದೆ ಪೇರಿಸಿದ್ದಾರೆ.

ಬೇಸಿಗೆಯಲ್ಲಿ ವಾರಕ್ಕೆ ಮೂರು ನಾಲ್ಕು ಕಂಬಳಿ ಬರುತ್ತವೆ. ಮಳೆಗಾಲಕ್ಕೆ ಮುಂಚಿನ ತಿಂಗಳಲ್ಲಿ ವಾರಕ್ಕೆ ಇಪ್ಪತ್ತಾದದ್ದೂ ಉಂಟು. ಎಸ್ಟೇಟಿನ ಲೈನ್ ಮನೆಗಳ ಕೂಲಿಯವರು ಮಳೆಯಲ್ಲಿ ತಲೆಯಿಂದ ಬೆನ್ನಿಗೆ ಮಡಚಿ ಹೊದೆಯುವ ಕೊಪ್ಪೆಗೆ ಹುಣಸೆ ಬೀಜದ ಅಂಟು ಹಚ್ಚಿಸಲೇಬೇಕು, ಇಲ್ಲವಾದರೆ ನೀರು ಇಳಿಯುತ್ತದೆ. ಒಂದು ಕಂಬಳಿಗೆ ಒಂದು ಸೇರು ಬೀಜ. ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ರುಬ್ಬಿ, ಕುದಿಸಿ ಹಚ್ಚುವಷ್ಟರಲ್ಲಿ ಎರಡು ದಿನ ಹೋಗುತ್ತದೆ. ನಲವತ್ತು ವರ್ಷ ಉಣ್ಣೆಯ ದೂಳು ಕುಡಿದದ್ದಕ್ಕೆ ಕೆಮ್ಮು ಅಂಟಿಕೊಂಡಿದೆ. ಬಲಗೈಯ ತೋರುಬೆರಳು ದಬ್ಬಳ ಹಿಡಿದ ಆಕಾರದಲ್ಲೇ ಬಾಗಿ ನಿಂತುಬಿಟ್ಟಿದೆ, ಅನ್ನ ಕಲಸುವಾಗಲೂ ನೆಟ್ಟಗಾಗುವುದಿಲ್ಲ.

ಇವರ ಗಿರಾಕಿಗಳಲ್ಲಿ ಎಡಕುಮೇರಿ ಕಡೆ ರೈಲು ಹಳಿ ಕಾಯುವ ದೇವೇಂದ್ರ ಒಬ್ಬರು. ಇಲಾಖೆ ಕೊಟ್ಟ ರೈನ್‌ಕೋಟಿನ ಒಳಗೆ ಬೆವರೇ ಮಳೆಯಾಗುತ್ತದೆ, ಕಂಬಳಿ ನೆಂದರೂ ಒಳಗೆ ಬೆಚ್ಚಗಿರುತ್ತದೆ ಎನ್ನುವುದು ಅವರ ವಾದ. ಅವರು ಇನ್ನೊಂದು ವಿಷಯವನ್ನೂ ಹೇಳಿದರು. ಗಂಗಾಮಣಿ ಹೊಲಿದ ಕಂಬಳಿ ಯಾರದರ ಜೊತೆಗೂ ಅದಲುಬದಲಾಗುವುದಿಲ್ಲವಂತೆ. ಕರಿ ಕಂಬಳಿಯಾದರೂ ಅವರು ಹೊಲಿಯುವುದು ಬಿಳಿ ದಾರದಲ್ಲಿ. ಹತ್ತು ಮಾರು ದೂರದಿಂದ ಕಾಣುತ್ತದೆ.

ನನ್ನ ಕುತೂಹಲ ಕೆರಳಿದ್ದು ಅಲ್ಲಿ. ಕರಿ ಉಣ್ಣೆ ಮನೆಯಲ್ಲೇ ಇದೆ. ಯಾವ ದರ್ಜಿಯೂ ತನ್ನ ತೇಪೆ ಕಾಣದಿರಲಿ ಎಂದೇ ಬಯಸುತ್ತಾನೆ. ಇವರೇಕೆ ಅದನ್ನು ಊರಿಗೆಲ್ಲ ತೋರಿಸುತ್ತಾರೆ? ಕೇಳಿದರೆ ಸಿಕ್ಕಿದ ಉತ್ತರ ಚಿಕ್ಕದು.

"ತೇಪೆ ಅಂದ್ರೆ ಕಣ್ಣಿಗೆ ಕಾಣ್ಬೇಕು. ಕೂತವ್ರಿಗೆ ತಿಳೀಬಾರ್ದು. ಅಷ್ಟೇಯ."

ಕೂತವರಿಗೆ ತಿಳಿಯಬಾರದು ಎಂದರೆ ಹೊಲಿಗೆಯ ಏಣು ತೊಡೆಗೆ ಒತ್ತಬಾರದು ಎಂದರ್ಥ. ಅದಕ್ಕಾಗಿ ಅವರು ಅಂಚಿನ ಮೇಲೆ ಅಂಚು ಇಡುವುದಿಲ್ಲ. ಎರಡೂ ಅಂಚಿನ ಎಳೆ ಬಿಚ್ಚಿ, ಒಂದರೊಳಗೊಂದು ಹಾಯಿಸಿ ಹೊಲಿಯುತ್ತಾರೆ. ಒಂದು ಗೇಣು ಹೊಲಿಯಲು ನೂರ ಎಂಬತ್ತು ಹೊಲಿಗೆ. ನಾನು ಎಣಿಸಿದೆ, ಅವರು ನಕ್ಕರು.

ಅವರು ಇನ್ನೊಂದು ಸಲವೂ ನಕ್ಕರು. ಮಾತಿಗೆ ಮಾತು ಬಂದು, ಬಿಸಿಲೆ ಘಾಟಿಯ ಮೇಲೆ ಮಂಜಿನ ಕಂಬಳಿ ಹಾಸಿತ್ತು ಎಂದು ಇದೇ ಪುರವಣಿಯಲ್ಲಿ ಮೂರು ಬಾರಿ ಬರೆದಿದ್ದೇನೆ ಎಂದೆ. ಗಂಗಾಮಣಿ ಕೈಲಿದ್ದ ಕಲ್ಲನ್ನು ಕೆಳಗಿಟ್ಟು, ಮಂಜು ಹೊದ್ದುಕೊಂಡರೆ ಚಳಿ ಬಿಡುತ್ತದಾ ಎಂದು ಕೇಳಿದರು. ಅಂದಿನಿಂದ ಆ ಮಾತನ್ನು ಬರೆಯುವುದು ಬಿಟ್ಟಿದ್ದೇನೆ.

ಆದರೆ ಕಂಬಳಿ ಬರೀ ಹೊದಿಕೆಯಲ್ಲ ಎಂದು ಗಂಗಾಮಣಿಗೂ ಗೊತ್ತು. ಕಣದಲ್ಲಿ ಗೂಟಕ್ಕೆ ಕಟ್ಟಿಸಿಕೊಂಡಿರುವ ಈ ಕಂಬಳಿಯನ್ನು ಯಾರೂ ಹೊದ್ದುಕೊಂಡಿಲ್ಲ. ಇದು ಹೆಗ್ಗದ್ದೆಯ ಕಡೆಯ ಒಂದು ಸಣ್ಣ ಊರಿನದು. ಆ ಊರಿನಲ್ಲಿ ಗಡಿ ತಕರಾರು, ನೀರಿನ ಜಗಳ, ಮುನಿಸಿಕೊಂಡ ಗಂಡಹೆಂಡಿರ ರಾಜಿ, ಏನೇ ಇದ್ದರೂ ಮೊದಲು ಈ ಕಂಬಳಿ ಹಾಸುತ್ತಾರೆ. ಮಾತಾಡುವವರು ಅದರ ಮೇಲೆ ಕೂತು ಮಾತಾಡಬೇಕು. ಕೂತ ಮೇಲೆ ಸುಳ್ಳು ಹೇಳುವಂತಿಲ್ಲ. ಅಲ್ಲಿಯವರ ಬಾಯಲ್ಲಿ "ಕಂಬಳಿ ಹಾಸಾನಾ?" ಎಂದರೆ ನಿಜ ಹೇಳಲು ತಯಾರಿದ್ದೀಯಾ ಎಂದು ಕೇಳಿದ ಹಾಗೆ. ಅಷ್ಟು ಕೇಳಿದರೇ ಅರ್ಧ ಜಗಳ ಮುಗಿದುಹೋಗುತ್ತದಂತೆ.

ಕಂಬಳಿ ಇರುವುದು ಸುಬ್ಬಯ್ಯ ಎಂಬ ಬೆಳೆಗಾರರ ಮನೆಯಲ್ಲಿ, ಅವರ ತಾತನ ಕಾಲದಿಂದ. ಈ ಸಲ ಎರಡು ತೋಟದವರ ನಡುವೆ ಹಳ್ಳದ ನೀರಿನ ತಕರಾರು ಬಂತು. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾರಿಸುವ ಕಾಲ, ಹಳ್ಳದಲ್ಲಿ ಇರುವ ನೀರು ಒಬ್ಬರಿಗೇ ಸಾಲದು. ಮಾರ್ಚ್ ಮೊದಲ ಭಾನುವಾರ ಕಂಬಳಿ ಹಾಸುವುದೆಂದು ಗೊತ್ತಾಯಿತು. ಸುಬ್ಬಯ್ಯನವರ ಸೊಸೆ ಚೈತ್ರಶ್ರೀ, ಸಕಲೇಶಪುರದ ಲ್ಯಾಬೊಂದರಲ್ಲಿ ರಕ್ತಪರೀಕ್ಷೆ ಮಾಡುವವರು, ಮದುವೆಯಾಗಿ ಎರಡು ವರ್ಷವಾಗಿತ್ತು. ಅಟ್ಟದಿಂದ ಇಳಿಸಿದ ಕಂಬಳಿಯ ದೂಳು ನೋಡಿ, ಊರಿನವರೆಲ್ಲ ಕೂರುವ ವಸ್ತು ಹೀಗಿರಬಾರದು ಎಂದು ಒಳ್ಳೆಯ ಮನಸ್ಸಿನಿಂದಲೇ ವಾಷಿಂಗ್ ಮಷಿನ್ನಿಗೆ ಹಾಕಿದರು. ಬಿಸಿನೀರು, ಒಂದು ಗಂಟೆಯ ಒಗೆತ. ಈ ಕಂಬಳಿಯನ್ನು ಒಗೆಯುವುದಿಲ್ಲ, ಬಿಸಿಲಿಗೆ ಹಾಕಿ ಕೋಲಿನಿಂದ ಕೊಡವುತ್ತಾರೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಸಂಗತಿ ಎಂದೇ ಯಾರಿಗೂ ಹೊಳೆದಿರಲಿಲ್ಲ.

ಆರು ಮೊಳ ಉದ್ದ, ಮೂರೂವರೆ ಮೊಳ ಅಗಲದ ಕಂಬಳಿ ಹೊರಗೆ ಬಂದಾಗ ನಾಲ್ಕು ಮೊಳ ಉದ್ದ, ಎರಡು ಮೊಳ ಅಗಲವಾಗಿತ್ತು. ಹಲಗೆಯಂತೆ ಗಟ್ಟಿ. ಚೈತ್ರಶ್ರೀ ಆ ದಿನ ಊಟ ಮಾಡಲಿಲ್ಲವಂತೆ. ಈ ಊರಿನಲ್ಲಿ ಇನ್ನು ಐವತ್ತು ವರ್ಷ ಬದುಕಬೇಕು, ಅಷ್ಟೂ ವರ್ಷ ತನ್ನನ್ನು ಕಂಬಳಿ ಕೆಡಿಸಿದ ಸೊಸೆ ಎಂದೇ ಕರೆಯುತ್ತಾರೆ ಎಂಬುದೊಂದೇ ತಲೆಯಲ್ಲಿ ಓಡುತ್ತಿತ್ತು ಎಂದು ಆಕೆಯೇ ನನಗೆ ಹೇಳಿದರು.

ಸುಬ್ಬಯ್ಯ ಸೊಸೆಯನ್ನೂ ಕಂಬಳಿಯನ್ನೂ ಜೀಪಿನಲ್ಲಿ ಕೂರಿಸಿಕೊಂಡು ಗಂಗಾಮಣಿಯ ಮನೆಗೆ ಬಂದರು. ಅವರು ಕೆಟ್ಟವರಲ್ಲ, ಸೊಸೆಯ ಮಾನ ಉಳಿಸಬೇಕಿತ್ತು. ಇದೇ ಅಳತೆಯ ಒಂದು ಹೊಸ ಕಂಬಳಿ ಹೊಂದಿಸಿ, ನಾಲ್ಕು ದಿನ ಒಲೆಯ ಮೇಲೆ ಹೊಗೆಗೆ ಕಟ್ಟಿದರೆ ಹಳೆಯದರಂತೆಯೇ ಆಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಅದಕ್ಕೆ ಗಂಗಾಮಣಿ ಹೇಳಿದ ಮಾತನ್ನು ಮಾವ, ಸೊಸೆ ಇಬ್ಬರೂ ನನಗೆ ಬೇರೆ ಬೇರೆಯಾಗಿ, ಒಂದೇ ರೀತಿ ಹೇಳಿದರು.

"ಸುಳ್ಳು ಹೇಳ್ಬಾರ್ದು ಅಂತ ಹಾಸೋ ಕಂಬ್ಳಿ ಗೌಡ್ರೆ. ಅದೇ ಸುಳ್ಳಾಗ್ಬುಟ್ರೆ, ಅದ್ರ ಮೇಲೆ ಕೂತವ್ರು ಇನ್ನೇನ್ ಹೇಳ್ತರೆ?"

ಹಾಗಾದರೆ ಇದನ್ನೇ ಸರಿಮಾಡು, ತೇಪೆ ಮಾತ್ರ ಕಾಣದ ಹಾಗೆ ಮಾಡು ಎಂದು ಸುಬ್ಬಯ್ಯ ಇಳಿದು ಬಂದರು. ಅದಕ್ಕೂ ಇವರು ಒಪ್ಪಲಿಲ್ಲ. ಬಿಳಿ ಉಣ್ಣೆಯಲ್ಲೇ ಹೊಲಿಯುವುದು, ಕೇಳಿದವರಿಗೆ ನೀವು ಉತ್ತರ ಹೇಳಿಕೊಳ್ಳಿ ಎಂದರು. ಬೇರೆ ದಾರಿ ಇರಲಿಲ್ಲ, ಕಂಬಳಿ ಇಲ್ಲೇ ಉಳಿಯಿತು.

ಮರುದಿನದಿಂದ ಚೈತ್ರಶ್ರೀ ರಜೆ ಹಾಕಿ ಬೆಳಗಿನ ಮೊದಲ ಬಸ್ಸಿಗೆ ಬರತೊಡಗಿದರು. ಅಂಟುವಾಳದ ನೀರಿನಲ್ಲಿ ಕಂಬಳಿ ನೆನೆಹಾಕುವಾಗ, ಮೊಬೈಲಿನಲ್ಲಿ ನೋಡಿದ್ದೆ ಎಂದು ಕೂದಲಿಗೆ ಹಚ್ಚುವ ಕಂಡೀಷನರ್ ಬಾಟಲಿ ತಂದರಂತೆ. ಗಂಗಾಮಣಿ ಮೂಸಿ ನೋಡಿ, ಕುರಿಯೂ ಕೂದಲೇ ತಾನೇ ಬಿಟ್ಟಿರುವುದು ಎಂದು ಸುರಿಸಿಕೊಂಡರು. ಗಂಟು ಹಾಕಿಕೊಂಡ ಉಣ್ಣೆ ಸ್ವಲ್ಪ ಸಡಿಲಿತು. ನ್ಯಾಯದ ಕಂಬಳಿಗೆ ಈಗ ಮಲ್ಲಿಗೆ ಹೂವಿನ ವಾಸನೆ. ನಾನು ಮೊದಲ ಸಲ ಹೋದದ್ದು ಗೂಟ ಕಿತ್ತು ಊರುವ ನಾಲ್ಕನೇ ದಿನ. ಹನ್ನೊಂದನೇ ದಿನ ಅಳೆದಾಗ ಉದ್ದ ಐದೂಕಾಲು ಮೊಳ, ಅಗಲ ಮೂರು ಮೊಳ. ಇನ್ನು ಎಳೆದರೆ ಹರಿಯುತ್ತದೆ ಎಂದು ಗಂಗಾಮಣಿ ಕಲ್ಲನ್ನು ಕೆಳಗಿಟ್ಟರು. ಉದ್ದ ಕಳೆದದ್ದು ಕಳೆದಂತೆಯೇ. ಅಗಲಕ್ಕೆ, ಎರಡು ಪಟ್ಟಿ ಕೂಡಿಸಿದ್ದ ನಡುವಿನ ಹೊಲಿಗೆ ಬಿಚ್ಚಿ, ಒಂದು ಗೇಣಗಲದ ಬಿಳಿ ಪಟ್ಟಿ ಸೇರಿಸಿದರು. ಗೇಣಗಲಕ್ಕೆ ಮಗ್ಗ ಬೇಕಿಲ್ಲ, ಎರಡು ಗೂಟ, ಒಂದು ಹಲಗೆ ಸಾಕು.

ಆ ಪಟ್ಟಿ ನೇಯುತ್ತ ಕೂತಿದ್ದಾಗ ನಾನು ಮತ್ತೆ ಬಿಳಿ ದಾರದ ಮಾತೆತ್ತಿದೆ. ಚೈತ್ರಶ್ರೀ ಬಸ್ಸಿಗೆ ಹೋಗಿ ಆಗಿತ್ತು. ಗಂಗಾಮಣಿ ಎದ್ದು ಒಳಗೆ ಹೋಗಿ ತಗಡಿನ ಟ್ರಂಕ್ ಎಳೆದು ತಂದರು. ಬೇವಿನ ಸೊಪ್ಪಿನ ನಡುವೆ ಒಂದು ಕಂಬಳಿ. ಬಿಡಿಸಿದರೆ ನಟ್ಟನಡುವೆ ಮೊರದಗಲ ಬಿಳಿ ತೇಪೆ.

ಇಪ್ಪತ್ತಾರು ವರ್ಷದ ಹಿಂದಿನ ಮಾತು. ಆಲೂರು ಕಡೆಯ ಇನ್ನೊಂದು ಊರಿನವರು, ಅವರಲ್ಲೂ ಇದೇ ಪದ್ಧತಿ, ತಮ್ಮ ಕಂಬಳಿಯನ್ನು ಅಂಚು ಹೊಲಿಸಲು ಕೊಟ್ಟಿದ್ದರು. ಮಳೆಗಾಲ. ಅಂಚಿಗೆ ಹಚ್ಚಿದ ಅಂಟು ಒಣಗಲೆಂದು ಸೋಮಯ್ಯ ಅದನ್ನು ಒಲೆಯ ಹತ್ತಿರ ಕಟ್ಟಿದರು. ಹಗ್ಗ ಜಾರಿ ಕಂಬಳಿ ಕೆಂಡದ ಮೇಲೆ ಬಿತ್ತು, ನಡುವೆ ಸುಟ್ಟುಹೋಯಿತು. ಗಂಡಹೆಂಡಿರಿಬ್ಬರೂ ಹೆದರಿದರು. ಸೋಮಯ್ಯ ಹತ್ತು ದಿನ ಕೂತು ಅಂಥದೇ ಒಂದು ನೇಯ್ದರು, ಹೊಗೆಗೆ ಕಟ್ಟಿದರು, ಒಂದು ಮಾತೂ ಹೇಳದೆ ಕೊಟ್ಟುಬಂದರು. ಕೂಲಿ ಬೇಡ ಎಂದರು. ಆ ಊರಿನವರು ಅದನ್ನು ದೊಡ್ಡ ಮನಸ್ಸು ಎಂದು ತಿಳಿದುಕೊಂಡರು.

"ಅವ್ರು ನೇಯ್ದಿದ್ರಲ್ಲಿ ಅದೇ ಚೆಂದುಳ್ಳಿ ಕಂಬ್ಳಿ," ಅಂದರು ಗಂಗಾಮಣಿ. "ಅವ್ರಿಗೆ ಒಂದಿನಾನೂ ಬಾಯ್ಬಿಟ್ಟು ಹೇಳ್ಕಳಕ್ಕಾಗ್ಲಿಲ್ಲ, ಇದು ನಾನ್ ನೇಯ್ದಿದ್ದು ಅಂತ."

ಆ ವರ್ಷದಿಂದ ಇವರು ಕರಿ ದಾರ ಮುಟ್ಟಿಲ್ಲ. ಸುಟ್ಟ ಕಂಬಳಿಯನ್ನು ಬಿಸಾಡಲು ಮನಸ್ಸು ಬರದೆ, ಕೆಲಸ ಇಲ್ಲದ ದಿನಗಳಲ್ಲಿ ನಾಲ್ಕು ನಾಲ್ಕು ಎಳೆ ಹಾಯಿಸುತ್ತ ಬಂದು ತೂತನ್ನು ಮುಚ್ಚಿದ್ದಾರೆ. ಹಾಗಾದರೆ ಇಷ್ಟು ವರ್ಷ ಹೋಗಿ ಕೊಡಲಿಲ್ಲವೇಕೆ? ಗಂಡ ಇರುವಷ್ಟು ದಿನ ಅವರೇ ಬೇಡ ಎಂದರಂತೆ. ಆಮೇಲೆ ಒಂದು ಸಲ ಆಲೂರು ಬಸ್ ನಿಲ್ದಾಣದವರೆಗೆ ಟ್ರಂಕ್ ಹೊತ್ತುಕೊಂಡು ಹೋಗಿ ವಾಪಸ್ ಬಂದರು.

"ನನ್ನ ಬೈದ್ರೆ ಬೈಸ್ಕತೀನಿ. ಅದಲ್ಲ ಕಣಪ್ಪ. ಇಪ್ಪತ್ತಾರು ವರ್ಷ ಅದ್ರ ಮೇಲೆ ಕೂತು ಮಾತು ಕೊಟ್ಟವ್ರೆ, ಗಡಿಕಲ್ಲು ನೆಟ್ಟವ್ರೆ, ಬಿಟ್ಟ ಹೆಂಡ್ತೀನ ಕರ್ಕಂಡವ್ರೆ. ಅದು ಆ ಕಂಬ್ಳಿನೇ ಅಲ್ಲ ಅಂತ ಹೋಗಿ ಹೇಳುದ್ರೆ, ಅದೆಲ್ಲಾ ಏನಾಗ್ತದೆ?"

ಇದನ್ನು ಬರೆಯಬಹುದೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಮಾರ್ಚ್ ಮೊದಲ ಭಾನುವಾರ ಸುಬ್ಬಯ್ಯನವರ ಊರಿನ ಹಾಲಿನ ಡೇರಿಯ ಮುಂದೆ ಕಂಬಳಿ ಹಾಸಿದರು. ಗಂಗಾಮಣಿ ನನ್ನ ಜೊತೆ ಬಂದಿದ್ದರು, ಆದರೆ ಹತ್ತಿರ ಬರಲಿಲ್ಲ. ಕ್ಯಾನ್ ತೊಳೆಯುವ ಕಲ್ಲಿನ ಬಳಿ ನಿಂತರು. ಮೂವತ್ತು ನಲವತ್ತು ಜನ. ಕರಿ ಕಂಬಳಿಯ ನಡುವೆ ಬಿಳಿ ಪಟ್ಟಿ ಎಲ್ಲರ ಕಣ್ಣಿಗೂ ಬಿತ್ತು, ಗುಸುಗುಸು ಎದ್ದಿತು. ಊರಿನ ಹಿರಿಯ ಮಹಾದೇವಯ್ಯ, ಇದೇನು ಸುಬ್ಬಯ್ಯ, ಎಂದು ಕೇಳಿದರು. ಸುಬ್ಬಯ್ಯ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಚೈತ್ರಶ್ರೀ ಹೆಂಗಸರ ಗುಂಪಿನಿಂದ ಬಂದು, ಚಪ್ಪಲಿ ಬಿಟ್ಟು, ಕಂಬಳಿಯ ಮೇಲೆ ಕೂತರು.

"ನಾನು ಮಷಿನ್ನಿಗೆ ಹಾಕ್ಬುಟ್ಟೆ. ಗೊತ್ತಿರ್ಲಿಲ್ಲ. ಮುದುರ್ಕಂತು. ಗಂಗಕ್ಕ ಎಳ್ದು ಸರಿ ಮಾಡವ್ರೆ, ಮಧ್ಯದ ಪಟ್ಟಿ ಹೊಸ್ದು. ಮಿಕ್ಕಿದ್ದೆಲ್ಲ ಹಳೇದೇ."

ಮಹಾದೇವಯ್ಯ ಬಗ್ಗಿ ಪಟ್ಟಿಯ ಮೇಲೆ ಕೈಯಾಡಿಸಿದರು, ಒಮ್ಮೆ ಮೂಸಿಯೂ ನೋಡಿದರು. ಆಮೇಲೆ, ಕಂಬಳಿ ಮೇಲೆ ಇವತ್ತು ಮೊದಲನೇ ನಿಜ ಬಂತು, ಇನ್ನು ನೀರಿನವರು ಬನ್ನಿ ಎಂದರು. ಎಲ್ಲರೂ ಒಪ್ಪಿದರು ಎಂದಲ್ಲ. ಒಬ್ಬರು ತೇಪೆ ಹಾಕಿದ್ದರ ಮೇಲೆ ನ್ಯಾಯ ಎಂಥದ್ದು ಎಂದು ಬೈಕ್ ಹತ್ತಿ ಹೊರಟೇಹೋದರು. ನೀರಿನ ಮಾತು ಮೂರು ಗಂಟೆ ನಡೆದು, ದಿನ ಬಿಟ್ಟು ದಿನ ಪಂಪ್ ಹಾಕುವುದು ಎಂದಾಯಿತು. ಅಷ್ಟು ಹೊತ್ತೂ ಗಂಗಾಮಣಿ ನೋಡುತ್ತಿದ್ದದ್ದು ಜನರನ್ನಲ್ಲ, ಹೆಂಗಸರ ಗುಂಪಿಗೆ ಮರಳಿದ್ದ ಚೈತ್ರಶ್ರೀಯನ್ನು. ಹೋಗುವ ಬರುವ ಹೆಂಗಸರು ಆಕೆಯ ಪಕ್ಕ ಕೂರುತ್ತಿದ್ದರು, ಮಗುವೊಂದನ್ನು ಆಕೆಯ ಮಡಿಲಿಗೆ ಹಾಕಿ ಯಾರೋ ಕಾಫಿ ತರಲು ಹೋದರು. ಅಂದುಕೊಂಡಿದ್ದ ಐವತ್ತು ವರ್ಷದ ಶಿಕ್ಷೆ ಅರ್ಧ ಗಂಟೆಯಲ್ಲಿ ಮುಗಿದಿತ್ತು.

ವಾಪಸ್ ಬಂದು ಆಲೂರಿನಲ್ಲಿ ಬಸ್ಸಿನಿಂದ ಇಳಿದ ಮೇಲೆ ಗಂಗಾಮಣಿ, ಪೇಪರಿಗೆ ಈಗಲೇ ಹಾಕಬೇಡಿ, ಒಂದು ವಾರ ಬಿಟ್ಟು ಬನ್ನಿ ಎಂದರು. ಎಲ್ಲಿಗಾದರೂ ಹೋಗುವುದಿದ್ದರೆ ಕಾರು ತರುತ್ತೇನೆ ಎಂದೆ. "ಇದು ನಾನೇ ಹೋಗ್ಬೇಕಾದ್ದು," ಅಂದರು.

ಒಂದು ವಾರ ಬಿಟ್ಟು ಹೋದೆ. ಅದೇ ಆರೂಕಾಲು, ಅದೇ ಕಣ. ಎಸ್ಟೇಟಿನ ಯಾರದೋ ಕೊಪ್ಪೆಯ ಅಂಚಿಗೆ ದಬ್ಬಳ ಹಾಯಿಸುತ್ತಿದ್ದರು. ತಂತಿಯ ಮೇಲೆ ನಾನು ನೋಡಿರದ ಒಂದು ಕಂಬಳಿ, ಸಮನಾದ ನೇಯ್ಗೆ, ಅಂಚಿನಲ್ಲಿ ಸಣ್ಣ ಕೆಂಪು ಗೆರೆ.

ಗಂಗಾಮಣಿ ಟ್ರಂಕ್ ಹೊತ್ತು ಆಲೂರು ಕಡೆಯ ಆ ಊರಿಗೆ ಹೋದಾಗ ಅಲ್ಲಿ ಜನ ಸೇರಿಸಿದರಂತೆ. ಟ್ರಂಕಿನಿಂದ ತಂದ ಸುಟ್ಟ ಕಂಬಳಿಯನ್ನು ಹಾಸಿ, ಕೂತು ಹೇಳು ಎಂದರಂತೆ. ಇವರು ಕೂತು ಎಲ್ಲ ಹೇಳಿದರು. ಆಮೇಲೆ ಚೌಡಮ್ಮ ಎಂಬ ಮುದುಕಿ, ಹಾಗಾದರೆ ನನ್ನ ಗಡಿಕಲ್ಲಿನ ಗತಿಯೇನು ಎಂದು ಕೇಳಿದರು. ಇವರು ಹೆದರಿದ್ದೇ ಆ ಪ್ರಶ್ನೆಗೆ. ಉತ್ತರ ಹೇಳಿದ್ದು ಆ ಗಡಿಯ ಆಚೆಯ ಮನೆಯವರೇ, ಚೌಡಮ್ಮನ ಹಳೆಯ ಎದುರಾಳಿ ಅಣ್ಣಯ್ಯ.

"ಮಾತು ಕೊಟ್ಟೋನು ನಾನು ತಾನೆ? ಕಂಬ್ಳಿ ಏನ್ ಮಾತಾಡಿತ್ತಾ? ಕಲ್ಲು ಅಲ್ಲೇ ಇರ್ಲಿ ಬುಡಿ."

ಬೈದವರೂ ಇದ್ದರು, ಅದನ್ನು ಗಂಗಾಮಣಿ ಮುಚ್ಚಿಡಲಿಲ್ಲ. ಹೊರಡುವಾಗ ಊರಿನವರು ಸುಟ್ಟದ್ದನ್ನು ತಾವು ಇಟ್ಟುಕೊಂಡು, ಸೋಮಯ್ಯ ನೇಯ್ದ ಕಂಬಳಿಯನ್ನು ಮಡಚಿ ಇವರ ಕೈಗೆ ಕೊಟ್ಟರು. ನಿಮ್ಮದು, ಇಷ್ಟು ದಿನ ನಮ್ಮ ಹತ್ತಿರ ಇತ್ತು ಎಂದರಂತೆ. ತಂತಿಯ ಮೇಲೆ ತೂಗುತ್ತಿರುವುದು ಅದು. ಈಗ ಬಂದವರಿಗೆಲ್ಲ ಇದು ನಮ್ಮನೆಯವರು ನೇಯ್ದಿದ್ದು ಎಂದು ತೋರಿಸುತ್ತಾರೆ. ನನಗೂ ಎರಡು ಸಲ ತೋರಿಸಿದರು.

ನಲವತ್ತಮೂರು ವರ್ಷ ಊರೂರಿನ ಕಂಬಳಿಗೆ ನೂತವರು, ಹೊಲಿದವರು, ಹಾಸಿದ ಕಂಬಳಿಯ ಮೇಲೆ ತಾವು ಕೂತದ್ದು ಅದೇ ಮೊದಲು. ಅಷ್ಟು ಜನರ ಮುಂದೆ, ಆ ಬಿಳಿ ತೇಪೆಯ ಮೇಲೆ ಕೂತಾಗ ಏನನ್ನಿಸಿತು ಎಂದು ಕೇಳಿದೆ. ಗಂಗಾಮಣಿ ದಾರವನ್ನು ಹಲ್ಲಿನಿಂದ ಕಡಿದು, ಕೊಪ್ಪೆಯನ್ನು ಮಂಡಿಯ ಮೇಲೆ ಹರಡಿ, ಬಾಗಿದ ಬೆರಳಿನಿಂದ ಹೊಲಿಗೆಯ ಉದ್ದಕ್ಕೂ ಒಮ್ಮೆ ಸವರಿದರು.

"ಹೊಲ್ಗೆ ಗೊತ್ತೇ ಆಗ್ಲಿಲ್ಲ ಕಣಪ್ಪ," ಅಂದರು.